ಬಿಪಿ, ಶುಗರ್ ರೋಗಿಗಳಿಗೆ ಬೇರೆ ಸರದಿ ಇರಲಿ

ಮಾನ್ಯರೇ,

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ಮರುತಪಾಸಣೆಗೆ ಬರುವವರಿಗೂ ಜ್ವರ, ಗಾಯ ಎಂದು ಓಡಿ ಬರುವವರಿಗೂ ಒಂದೇ ಸರದಿ ಇರುವುದು ಸರಿಯಲ್ಲ. ಬಯಲು ಪ್ರದೇಶದಲ್ಲಿ 30,000 ಜನಕ್ಕೆ ಒಂದು ಕೇಂದ್ರ ಎಂಬುದು ಸರ್ಕಾರದ್ದೇ ಲೆಕ್ಕ. ಎಷ್ಟೋ ಕಡೆ ಇರುವುದು ಒಬ್ಬರೇ ವೈದ್ಯರು. ಸಭೆ, ವರದಿ, ಲಸಿಕೆ ಕೆಲಸವೂ ಅವರ ತಲೆ ಮೇಲೆಯೇ.

ನಮ್ಮ ಕಡೆಯ ಕೇಂದ್ರವನ್ನು ಸೋಮವಾರ ಬೆಳಿಗ್ಗೆ ನೋಡಬೇಕು. ಮೈ ಸುಡುವ ಮಗುವನ್ನು ಎತ್ತಿಕೊಂಡ ತಾಯಿಯ ಮುಂದೆ, ಖಾಲಿಯಾದ ಮಾತ್ರೆ ಹಾಳೆ ಹಿಡಿದ ಹತ್ತಾರು ಮಂದಿ ನಿಂತಿರುತ್ತಾರೆ. ಅವರಿಗೆ ಬೇಕಿರುವುದು ಹಳೆಯ ಮಾತ್ರೆಯೇ. ಅದಕ್ಕೆ ಅರ್ಧ ದಿನದ ಕೂಲಿ ಹೋಗುತ್ತದೆ. ಬೇಸತ್ತು ಕೆಲವರು ಮಾತ್ರೆಯನ್ನೇ ಬಿಡುತ್ತಾರೆ. ಬಿಪಿ ಜಾಸ್ತಿಯಾದರೂ ನೋವಿರುವುದಿಲ್ಲ ಅಲ್ವಾ, ಲಕ್ವ ಹೊಡೆದಾಗಲೇ ಎಷ್ಟೋ ಜನರಿಗೆ ಗೊತ್ತಾಗುವುದು.

ಬಿಪಿ, ಶುಗರ್ ಹತೋಟಿಯಲ್ಲಿರುವವರನ್ನು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳೇ ನೋಡಿ, ವೈದ್ಯರ ಒಪ್ಪಿಗೆಯ ಮೇಲೆ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಲಿ. ಏರುಪೇರಾದವರನ್ನು ಮಾತ್ರ, ದಿನ ಮತ್ತು ಸಮಯ ಬರೆದ ಚೀಟಿ ಕೊಟ್ಟು ವೈದ್ಯರ ಬಳಿ ಕಳುಹಿಸಲಿ. ಆ ದಿನ ಬಾರದವರಿಗೆ ಆಶಾ ಕಾರ್ಯಕರ್ತೆಯರಿಂದ ಒಂದು ಫೋನ್ ಹೋಗಲಿ. ಈ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಪ್ರೋತ್ಸಾಹಧನವನ್ನೂ ಆರೋಗ್ಯ ಇಲಾಖೆ ಕೊಡಬೇಕು.

– ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ