ಹಣದ ಮಸೂದೆ ಓದುವ ಕೆಲಸ ಬಿಡಬೇಡ

ಚಿ. ನಿಧಿಗೆ ನಿನ್ನ ಮಾಮನ ಆಶೀರ್ವಾದಗಳು.

ನಾನೂ ನಿನ್ನ ಅತ್ತೆಯೂ ಕ್ಷೇಮ. ವಾಷಿಂಗ್ಟನ್ನಿನ ಆಫೀಸಿನಲ್ಲಿ ನಿನಗೆ ಧನವಿನಿಯೋಗ ಮಸೂದೆ, ಅಂದರೆ ಇಲಾಖೆಗಳಿಗೆ ವರ್ಷದ ಹಣ ಕೊಡುವ ಮಸೂದೆ, ಓದುವ ಕೆಲಸ ಕೊಟ್ಟಿದ್ದಾರೆ, ನೂರಾರು ಪುಟ ಬರೀ ಅಂಕಿಗಳು, ಇದಕ್ಕಾ ನಾನು ಕಾನೂನು ಓದಿದ್ದು ಎಂದು ಬರೆದಿದ್ದೀಯ. ಮೊಕದ್ದಮೆ ನಡೆಸುವ ವಿಭಾಗಕ್ಕೆ ಹೋಗುವ ಯೋಚನೆಯಿದೆ ಅಂತಲೂ ಇದೆ. ಅವಸರ ಮಾಡಬೇಡ ಮಗಳೇ. ವಾಹನಗಳ ಹೊಗೆಯ ನಿಯಮ ನಿನ್ನ ಮನಸ್ಸಿಗೆ ಅಷ್ಟು ಹತ್ತಿರವಾದದ್ದಾದರೆ ನೀನು ಈಗ ಕೂತಿರುವ ಕುರ್ಚಿಯೇ ಸರಿಯಾದ ಜಾಗ. ಡೆಟ್ರಾಯಿಟ್‌ನ ಎಂಜಿನ್ ಪ್ರಯೋಗಾಲಯದಲ್ಲಿದ್ದ ಕಾಲದಲ್ಲಿ ನನ್ನ ಕಣ್ಣೆದುರೇ ನಡೆದದ್ದನ್ನು ಹೇಳುತ್ತೇನೆ, ಕೇಳು.

ಅರಬ್ ದೇಶಗಳು ತೈಲ ನಿಲ್ಲಿಸಿದ ಪೆಟ್ಟಿಗೆ 1975ರಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್, ಗಾಡಿಗಳು ಗ್ಯಾಲನ್ನಿಗೆ ಸರಾಸರಿ ಇಷ್ಟು ಮೈಲಿ ಓಡಬೇಕೆಂಬ ಮೈಲೇಜಿನ ಕಾನೂನು ತಂದಿತು. ಒಂದು ಗ್ಯಾಲನ್ ಪೆಟ್ರೋಲ್ ಉರಿದರೆ ಸುಮಾರು 8.9 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಾಗಾಗಿ ಮೈಲೇಜಿನ ನಿಯಮವೂ ಹೊಗೆಯ ನಿಯಮವೇ. 1994ರಲ್ಲಿ ಹೆದ್ದಾರಿ ಸುರಕ್ಷತಾ ಸಂಸ್ಥೆ, ಅಂದರೆ ಎನ್‌ಎಚ್‌ಟಿಎಸ್‌ಎ, ಎಸ್‌ಯುವಿ, ಪಿಕಪ್, ಮಿನಿವ್ಯಾನ್‌ಗಳ ಮಟ್ಟ ಏರಿಸುವ ಮಾತು ಎತ್ತಿತು. ಆಗ ಆ ಗಾಡಿಗಳ ಮಾರಾಟ ಜೋರಾಗಿ ಏರುತ್ತಿತ್ತು. ಮರು ವರ್ಷ ನವೆಂಬರಿನಲ್ಲಿ ಸಾರಿಗೆ ಇಲಾಖೆಯ ಧನವಿನಿಯೋಗ ಮಸೂದೆಗೆ ಒಂದು ಬಾಲಂಗೋಚಿ ಅಂಟಿಕೊಂಡು ಬಂತು. ಹಿಂದೆ ನಿಂತವರಲ್ಲಿ ಕೆಳಮನೆಯ ರಿಪಬ್ಲಿಕನ್ ಸದಸ್ಯ ಟಾಮ್ ಡಿಲೇ ಮುಖ್ಯರು. ಅದರ ಸಾರ ಇಷ್ಟು: ಈಗಿರುವುದಕ್ಕಿಂತ ಬೇರೆಯಾದ ಮೈಲೇಜ್ ಮಟ್ಟವನ್ನು ಸಿದ್ಧಪಡಿಸಲು, ಪ್ರಸ್ತಾಪಿಸಲು, ಹೊರಡಿಸಲು ಈ ಕಾಯ್ದೆಯ ಹಣ ಬಳಸಕೂಡದು.

ಮೂಲ ಕಾನೂನನ್ನು ಯಾರೂ ಮುಟ್ಟಲಿಲ್ಲ. ಅದನ್ನು ರದ್ದು ಮಾಡಬೇಕೆಂದರೆ ಬಹಿರಂಗ ಚರ್ಚೆಯಾಗಬೇಕಿತ್ತು, ಮತ ಹಾಕಿದವರು ತಮ್ಮ ಊರಿನ ಜನಕ್ಕೆ ಉತ್ತರ ಹೇಳಬೇಕಿತ್ತು. ಹಣದ ಮಸೂದೆಯಾದರೆ ಹಾಗಲ್ಲ, ಅದು ಪಾಸಾಗದಿದ್ದರೆ ಇಲಾಖೆಯೇ ನಿಲ್ಲುತ್ತದೆ. ಅದಕ್ಕೇ ಡೆಮಾಕ್ರಟ್ ಅಧ್ಯಕ್ಷ ಕ್ಲಿಂಟನ್ ಕೂಡ ವರ್ಷ ವರ್ಷ ಅದಕ್ಕೆ ಸಹಿ ಹಾಕಿದರು. ಇಂಥ ನಿರ್ಬಂಧದ ಆಯಸ್ಸು ಒಂದೇ ವರ್ಷ. ಆದರೂ ಸಾಲಾಗಿ ಆರು ವರ್ಷದ ಮಸೂದೆಗಳಲ್ಲಿ ಅದು ಮರುಕಳಿಸಿತು. 1999ರಲ್ಲಿ ಗಾರ್ಟನ್, ಫೈನ್‌ಸ್ಟೈನ್ ಮೊದಲಾದ ಸೆನೆಟರುಗಳು ಅದನ್ನು ಕಿತ್ತುಹಾಕಲು ನೋಡಿ 55–40ರಲ್ಲಿ ಸೋತರು.

ನಿನ್ನ ಗಮನವೆಲ್ಲ ‘ಹೊರಡಿಸಲು’ ಎಂಬಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ನನ್ನನ್ನು ಕೇಳಿದರೆ ನಿಜವಾದ ಅನಾಹುತ ‘ಸಿದ್ಧಪಡಿಸಲು’ ಎಂಬಲ್ಲಿತ್ತು. ನಿಯಮ ಮಾಡಬೇಡಿ ಎನ್ನುವುದು ಒಂದು. ಮಾಹಿತಿ ಕಲೆಹಾಕಬೇಡಿ, ಲೆಕ್ಕ ಹಾಕಬೇಡಿ, ಮುಂದಿನ ಹತ್ತು ವರ್ಷದಲ್ಲಿ ಏನು ಸಾಧ್ಯ ಎಂದು ನೋಡಲೂ ಬೇಡಿ ಎನ್ನುವುದು ಇನ್ನೊಂದು. ಆ ವರ್ಷಗಳಲ್ಲಿ ಎಂಜಿನ್ ವಿದ್ಯೆ ನಿಂತಿರಲಿಲ್ಲ, ಸುಧಾರಿಸುತ್ತಲೇ ಇತ್ತು. ನಿಯಮದ ಒತ್ತಾಯ ಇರಲಿಲ್ಲವಾಗಿ ಆ ಸುಧಾರಣೆಯೆಲ್ಲ ಮೈಲೇಜಿಗೆ ಹೋಗದೆ ಗಾಡಿಯ ತೂಕಕ್ಕೆ, ಅಶ್ವಶಕ್ತಿಗೆ ಹೋಯಿತು. ಬೇಕಿದ್ದನ್ನು ಮಾಡಬಲ್ಲ ಕೈಗಳು ನಮ್ಮಲ್ಲಿದ್ದವು; ಇದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಕೊನೆಗೆ ಗಂಟು ಬಿಚ್ಚಿದ್ದು ಹೇಗೆ ಗೊತ್ತೇ? 2000ದಲ್ಲಿ ಒಂದು ರಾಜಿಯಾಯಿತು. ನಿರ್ಬಂಧ ಇನ್ನೊಂದು ವರ್ಷ ಇರಲಿ, ಆದರೆ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಧ್ಯಯನ ಮಾಡಲಿ ಎಂದು ಅದೇ ಹಣದ ಮಸೂದೆಯಲ್ಲಿ ಬರೆಸಿದರು. ಎಷ್ಟೋ ಜನ ಅದನ್ನು ಸೋಲು ಎಂದರು. 2001ರ ಜುಲೈಯಲ್ಲಿ ಅಕಾಡೆಮಿಯ ನಿರ್ಣಯಗಳು ಹೊರಬಂದವು: ಹಿಂದಿನ ವರ್ಷಗಳಲ್ಲಿ ಮೈಲೇಜ್ ಸುಧಾರಿಸದೇ ಹೋಗಿದ್ದರೆ ದೇಶ ದಿನಕ್ಕೆ ಸುಮಾರು 28 ಲಕ್ಷ ಬ್ಯಾರೆಲ್ ಹೆಚ್ಚು ತೈಲ ಸುಡುತ್ತಿತ್ತು. ಅದೇ ತಿಂಗಳು ಬುಷ್ ಸರ್ಕಾರದ ಸಾರಿಗೆ ಕಾರ್ಯದರ್ಶಿ ಮಿನೇಟಾ ಅವರೇ ನಿರ್ಬಂಧ ತೆಗೆಯಿರಿ ಎಂದು ಕಾಂಗ್ರೆಸ್ಸಿಗೆ ಬರೆದರು. ಡಿಸೆಂಬರಿನಲ್ಲಿ ಅದು ಹೋಯಿತು. ಆದರೂ ಏಟು ಅಲ್ಲಿಗೇ ಮುಗಿಯಲಿಲ್ಲ. ಹೊಸ ಮಟ್ಟವನ್ನು ಮಾದರಿ ವರ್ಷ ಶುರುವಾಗುವ 18 ತಿಂಗಳು ಮುಂಚೆ ಹೇಳಬೇಕು. ಸಂಸ್ಥೆಯ ಕೈಯಲ್ಲಿ ಸಮಯವೂ ಇಲ್ಲ, ಹೊಸ ಮಾಹಿತಿಯೂ ಇಲ್ಲ. ಎಸ್‌ಯುವಿ, ಪಿಕಪ್‌ಗಳ 1996ರ ಮಟ್ಟವಾದ ಗ್ಯಾಲನ್ನಿಗೆ 20.7 ಮೈಲಿ, ಅಂದರೆ ಲೀಟರಿಗೆ 8.8 ಕಿ.ಮೀ., 2004ರ ಗಾಡಿಗಳಿಗೂ ಹಾಗೇ ಮುಂದುವರಿಯಿತು.

ಅದೇ ವರದಿ ಇನ್ನೊಂದನ್ನೂ ಹೇಳಿತ್ತು, ನೀನು ಅದನ್ನು ಮುಚ್ಚಿಡಬೇಡ. ಹಿಂದೆ ಗಾಡಿಗಳ ತೂಕ ಇಳಿಸಿದ್ದರಿಂದ 1993ರಲ್ಲಿ 1,300ರಿಂದ 2,600 ಜನ ಹೆಚ್ಚು ಸತ್ತಿರಬಹುದು ಎಂಬುದು ಸಮಿತಿಯ ಬಹುಮತದ ಅಂದಾಜು; ಇಬ್ಬರು ಸದಸ್ಯರು ಒಪ್ಪಲಿಲ್ಲ. ವಿರೋಧಿಗಳ ಕೈಯಲ್ಲಿ ಬರೀ ಸ್ವಾರ್ಥವಷ್ಟೇ ಇತ್ತು ಎಂದುಕೊಂಡು ಅವರ ಎದುರು ಹೋದರೆ ಮೊದಲ ಪ್ರಶ್ನೆಗೇ ತಡವರಿಸುತ್ತೀಯ. ಪಕ್ಷ ನೋಡಿಯೂ ಅಳೆಯಬೇಡ. ನಮ್ಮ ಮಿಷಿಗನ್‌ನ ಕೆಳಮನೆ ಸದಸ್ಯ ಡಿಂಗೆಲ್, ಸೆನೆಟರ್ ಲೆವಿನ್ ಇಬ್ಬರೂ ಡೆಮಾಕ್ರಟರು, ಇಬ್ಬರೂ ಮಟ್ಟ ಬಿಗಿಗೊಳಿಸುವುದಕ್ಕೆ ಅಡ್ಡ ನಿಂತವರು. ಕಾರ್ಖಾನೆ ಇರುವ ಊರಿನ ಭಯ ಅವರ ಮೂಲಕ ಮಾತಾಡುತ್ತಿತ್ತು. ಆ ಭಯ ಸುಳ್ಳಲ್ಲ.

ವಾಹನಗಳ ಹಸಿರುಮನೆ ಅನಿಲವನ್ನು ನಿಯಂತ್ರಿಸುವ ಅಧಿಕಾರ ಪರಿಸರ ಸಂರಕ್ಷಣಾ ಸಂಸ್ಥೆಗೆ, ಅಂದರೆ ಇಪಿಎಗೆ, ಇದೆ ಎಂದ 2007ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ನೀನು ಉತ್ಸಾಹದಿಂದ ಬರೆದಿದ್ದೀಯ. ಅದು ದೊಡ್ಡದೇ. ಆದರೆ ನ್ಯಾಯಾಲಯ ಅಧಿಕಾರಿಗೆ ಕರ್ತವ್ಯ ನೆನಪಿಸಬಹುದು, ಸಂಬಳ ಕೊಡಲಾರದು. ಶಾಸನದ ಮೂಲಕ ಕೊಟ್ಟ ಹಣವಲ್ಲದೆ ಖಜಾನೆಯಿಂದ ಏನೂ ಹೊರಡಕೂಡದೆಂದು ಇಲ್ಲಿನ ಸಂವಿಧಾನವೇ ಹೇಳುತ್ತದೆ. ಚುನಾಯಿತರ ಈ ಹಕ್ಕನ್ನು ನಾನು ಗೌರವಿಸುತ್ತೇನೆ. ತಿಳಿಯುವುದನ್ನೇ ತಡೆಯಲು ಅದನ್ನು ಬಳಸುವುದನ್ನು ಮಾತ್ರ ಒಪ್ಪಲಾರೆ.

ಈ ಹಾದಿ ಮುಚ್ಚಿಲ್ಲ. 2023ರ ನವೆಂಬರಿನಲ್ಲಿ ಕೆಳಮನೆ 213–203ರಲ್ಲಿ ಪಾಸು ಮಾಡಿದ ಪರಿಸರ ವೆಚ್ಚದ ಮಸೂದೆಯಲ್ಲಿ, 2027 ಮತ್ತು ನಂತರದ ಮಾದರಿ ವರ್ಷಗಳಿಗೆ ಇಪಿಎ ಮಾಡುತ್ತಿದ್ದ ವಾಹನ ಹೊಗೆ ನಿಯಮಕ್ಕೆ ಹಣ ತಡೆಯುವ ಸಾಲಿತ್ತು. ಅದು ಕಾನೂನಾಗಲಿಲ್ಲ. ಅಷ್ಟಕ್ಕೆ ನೆಮ್ಮದಿಯಿಂದ ಕೂರುವ ಹಾಗಿಲ್ಲ, ಏಕೆಂದರೆ ಒಂದು ಬಾಗಿಲು ಹಾಕಿದರೆ ಇನ್ನೊಂದು ತೆರೆಯುತ್ತದೆ. 2025ರ ಜೂನ್‌ನಲ್ಲಿ ತನ್ನದೇ ಬಿಗಿ ವಾಹನ ಹೊಗೆ ನಿಯಮ ಮಾಡಲು ಕ್ಯಾಲಿಫೋರ್ನಿಯಾಕ್ಕಿದ್ದ ವಿಶೇಷ ಅನುಮತಿಗಳನ್ನು ಕಾಂಗ್ರೆಸ್ ನಿರ್ಣಯಗಳ ಮೂಲಕ ಅಳಿಸಿದರು. ಜುಲೈಯಲ್ಲಿ ಬಂದ ದೊಡ್ಡ ತೆರಿಗೆ ಕಾಯ್ದೆ ಮೈಲೇಜ್ ನಿಯಮ ಮುರಿದವರ ದಂಡವನ್ನು ಸೊನ್ನೆ ಮಾಡಿತು. ನಿಯಮ ಪುಸ್ತಕದಲ್ಲಿ ಉಳಿಯಿತು, ಅದರ ಹಲ್ಲು ಹೋಯಿತು. ಇದನ್ನು ಮೊದಲು ಗುರುತಿಸಬಲ್ಲವರು ನಿನ್ನಂತೆ ಹಣದ ಪುಟ ಓದುವವರೇ.

ಇಪಿಎಯ ಹಣ ಒಂದು ಮಸೂದೆಯಲ್ಲಿ, ಎನ್‌ಎಚ್‌ಟಿಎಸ್‌ಎಯದು ಸಾರಿಗೆಯ ಮಸೂದೆಯಲ್ಲಿ ಬರುತ್ತದೆ, ಎರಡನ್ನೂ ತರಿಸಿಕೋ. ‘ಯಾವ ಹಣವನ್ನೂ ಬಳಸಕೂಡದು’ ಎನ್ನುವ ಸಾಲುಗಳಿಗೆಲ್ಲ ಗೆರೆ ಎಳೆ. ಜೊತೆಗೆ ಬರುವ ಸಮಿತಿಯ ವರದಿಯನ್ನೂ ಬಿಡದೆ ಓದು, ಎಷ್ಟೋ ಆದೇಶಗಳು ಅಲ್ಲೇ ಕೂತಿರುತ್ತವೆ. ನಿಯಮವನ್ನು ಉಳಿಸಲು ಮತಗಳಿಲ್ಲ ಎಂದಾದರೆ ನಿನ್ನ ಹಿರಿಯರಿಗೆ ಹೇಳು: ಅಧ್ಯಯನದ ಹಣವನ್ನಾದರೂ ಉಳಿಸಿಕೊಳ್ಳೋಣ, ‘ಸಿದ್ಧಪಡಿಸಲು’ ಎಂಬುದೊಂದನ್ನಾದರೂ ಹೊಡೆದುಹಾಕಿಸೋಣ. ಎಂಜಿನ್ ವಿಷಯದಲ್ಲಿ ಅರ್ಥವಾಗದ್ದಿದ್ದರೆ ಕರಡು ನನಗೆ ಕಳಿಸು, ಕೂತು ಬಿಡಿಸಿ ಹೇಳುತ್ತೇನೆ.

ಇಂತು,
ನಿನ್ನ ಮಾಮ