ಮಾಯಿಯ ಕೋಳಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಾ, ಮಾಯಿಯ ಪೂರ್ತಿ ಹೆಸರೇನು?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಬಿಟ್ಟು "ಇಷ್ಟು ವರ್ಷ ಆದಮೇಲೆ ಅದನ್ನೆಲ್ಲ ಯಾಕೆ ಕೆದಕ್ತೀಯಾ" ಅಂತ ರೇಗಿದೆ. ನೀನು ಫೋನ್ ಇಟ್ಟೆ. ಸೋಮವಾರ ನೈರೋಬಿಗೆ ಹೊರಟವಳ ಜೊತೆ ಹೀಗಾ ಮಾತಾಡೋದು ಅಂತ ನಿನ್ನ ಅಮ್ಮ ಬೆಳಿಗ್ಗೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಫೋನ್ ಮಾಡಿದರೆ ಮತ್ತೆ ರೇಗುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಕೀನ್ಯಾದ ವೆಬುಯೆಯಲ್ಲಿ ಇದ್ದಾಗ ಎಂಟು ವರ್ಷ ನಮ್ಮ ಮನೆಯಲ್ಲಿ ಕೆಲಸ ಮಾಡಿದವಳು. ನಾವು ಅವಳನ್ನು ಮಾಮಾ ವೆಕೆಸಾ ಅಂತ ಕರೆದೆವು. ವೆಕೆಸಾನ ತಾಯಿ ಅಂತ. ಅಲ್ಲಿ ಹಾಗೆ ಕರೆಯುವುದು ಮರ್ಯಾದೆಯೇ. ಆದರೆ ಮಗ ಹುಟ್ಟುವ ಮೊದಲು ಅವಳನ್ನು ಏನಂತ ಕರೆಯುತ್ತಿದ್ದರು ಅಂತ ನಾನು ಒಂದು ದಿನವೂ ಕೇಳಲಿಲ್ಲ. ನೋಡು, ಈಗಲೂ 'ಅವಳು' ಅಂತಲೇ ಬರೆಯುತ್ತಿದ್ದೇನೆ. ನನಗಿಂತ ಆರೇಳು ವರ್ಷ ದೊಡ್ಡವರು. ಇನ್ನು ಮೇಲೆ ಅವರು ಅನ್ನುತ್ತೇನೆ.

ನೀನೊಬ್ಬಳೇ ಅವರನ್ನು ಮಾಯಿ ಅಂದೆ. ಅವರ ಲುಬುಕುಸು ಭಾಷೆಯಲ್ಲಿ ಹಾಗಂದರೆ ಅಮ್ಮ. ಮೊದಮೊದಲು ನಿನ್ನ ಅಮ್ಮನಿಗೆ ಅದು ಸ್ವಲ್ಪ ಚುಚ್ಚಿತ್ತು. ಆಮೇಲೆ ಅವಳೂ ಮಾಯಿ ಅನ್ನತೊಡಗಿದಳು.

ನಿನಗೆ ನಫುಲಾ ಅಂತ ಹೆಸರಿಟ್ಟಿದ್ದೂ ಅವರೇ. 1985ರ ಏಪ್ರಿಲ್, ವೆಬುಯೆಯಲ್ಲಿ ಮಳೆ ಹಿಡಿದು ನಾಲ್ಕು ದಿನ ಆಗಿತ್ತು. ಮಳೆಯಲ್ಲಿ ಹುಟ್ಟಿದ ಹೆಣ್ಣು ನಫುಲಾ, ಗಂಡು ವಾಫುಲಾ. ಸುಗ್ಗಿಯಲ್ಲಿ ಹುಟ್ಟಿದವನು ವೆಕೆಸಾ. ಹಸಿವಿನ ದಿನಗಳಲ್ಲಿ, ಅಂದರೆ ಹಳೆಯ ಕಾಳು ಮುಗಿದು ಹೊಸ ಬೆಳೆ ಬರುವ ಮುಂಚೆ ಹುಟ್ಟಿದವರು ವಾಂಜಾಲಾ, ನಾಂಜಾಲಾ. ಮಗುವಿಗೆ ಹಸಿವಿನ ಹೆಸರಾ ಅಂತ ನಾನು ನಕ್ಕಿದ್ದೆ. ನಮ್ಮಲ್ಲಿ ದೇವರ ಹೆಸರು, ಚಿನ್ನದ ಹೆಸರು ಇಟ್ಟು ಮನೆಯ ಕಷ್ಟ ಮುಚ್ಚುತ್ತೇವೆ. ಮಾಯಿಯ ಬುಕುಸು ಜನ ಅದನ್ನೇ ಹೆಸರಾಗಿ ಕರೆದು ಸಾಕುತ್ತಾರೆ. ಈಗ ಯೋಚಿಸಿದರೆ ಅವರದೇ ಸರಿ ಅನ್ನಿಸುತ್ತದೆ.

ಮಾಯಿ ಮಾತಾಡುತ್ತಿದ್ದದ್ದು ಮಗನ ಜೊತೆ, ಕೋಳಿಗಳ ಜೊತೆ ಲುಬುಕುಸು. ನಮ್ಮ ಜೊತೆ ಸ್ವಾಹಿಲಿ. ನಾನು ದಾಂಡೇಲಿಯಲ್ಲಿ ಕಾಗದ ತಯಾರಿಸುವ ಕೆಲಸ ಕಲಿತು ವೆಬುಯೆಯ ಕಾಗದದ ಕಾರ್ಖಾನೆಗೆ ಹೋದವನು. ಸ್ವಾಹಿಲಿ ಮಷೀನಿಗೆ ಬೇಕಾದಷ್ಟೇ ಬರುತ್ತಿತ್ತು. ಅವರು ಗಾದೆ ಇಲ್ಲದೆ ಬೈಯುತ್ತಿರಲಿಲ್ಲ. "ಅಸಿಯೇಸಿಕಿಯಾ ಲಾ ಮ್ಕೂ ಹುವುಂಜಿಕಾ ಗೂ", ಹಿರಿಯರ ಮಾತು ಕೇಳದವನ ಕಾಲು ಮುರಿಯುತ್ತದೆ. ಸೀಬೆ ಮರದ ಕಥೆ ಬೇಡ ಬಿಡು, ನಿನ್ನ ಮೊಣಕಾಲೇ ಹೇಳುತ್ತದೆ. "ಹಬಾ ನಾ ಹಬಾ ಹುಜಾಜಾ ಕಿಬಾಬಾ" ಅಂದಾಗ ನಿನ್ನ ಅಮ್ಮ "ಅಯ್ಯೋ, ಹನಿ ಹನಿ ಗೂಡಿದರೆ ಹಳ್ಳ!" ಅಂತ ಕುಣಿದಿದ್ದಳು. ಕಿಬಾಬಾ ಅಂದರೆ ನಮ್ಮ ಪಾವಿನ ಹಾಗೆ ಕಾಳು ಅಳೆಯುವ ಅಳತೆ. ನನಗೆ ಆಗದೇ ಇದ್ದದ್ದು "ಹರಾಕಾ ಹರಾಕಾ ಹೈನಾ ಬರಾಕಾ". ಅವಸರಕ್ಕೆ ಬರಕತ್ತಿಲ್ಲ. ಶಿಫ್ಟಿಗೆ ಓಡುವವನ ಮುಂದೆ ದಿನಾ ಅದನ್ನು ಹೇಳಿದರೆ ಸಿಟ್ಟು ಬರೋದಿಲ್ವಾ?

ಈಗ ನಿನಗೆ ಹೇಳದೇ ಇದ್ದದ್ದು. ಆವತ್ತು ನೀನು ಜೀಪಿನಲ್ಲಿ ನಿದ್ದೆ ಮಾಡುತ್ತಿದ್ದೆ.

1993, ನಾವು ಊರು ಬಿಟ್ಟ ದಿನ. ಬೆಳಿಗ್ಗೆ ಐದೂವರೆ. ನೈರೋಬಿಗೆ ಸುಮಾರು 400 ಕಿಲೋಮೀಟರ್, ರಾತ್ರಿ ವಿಮಾನ. ಮಾಯಿ ಗೇಟಿನ ಹತ್ತಿರ ನಿಂತಿದ್ದರು. ಕಂಕುಳಲ್ಲಿ ಒಂದು ಕೆಂಚು ಕೋಳಿ. ಕಾಲಿಗೆ ಕತ್ತಾಳೆ ನಾರು ಕಟ್ಟಿತ್ತು. ಕೋಳಿಯನ್ನು ನನ್ನ ಕಡೆ ಚಾಚಿ "ಮ್ಕೊನೊ ಮ್ತುಪು ಹಾವುಲಾಂಬ್ವಿ" ಅಂದರು. ಬರಿಗೈಯನ್ನು ಯಾರೂ ನೆಕ್ಕುವುದಿಲ್ಲ.

ಆ ಗಾದೆ ನಾನು ಬಜಾರಿನಲ್ಲಿ ಕೇಳಿದ್ದೆ. ಏನಾದರೂ ಕೊಟ್ಟರೆ ಕೆಲಸ ಆಗುತ್ತೆ ಅನ್ನುವ ಅರ್ಥದಲ್ಲಿ. ದುಡ್ಡು ಕೇಳುತ್ತಿದ್ದಾರೆ ಅಂದುಕೊಂಡೆ. ಕೋಳಿ ಮಾರುತ್ತಿದ್ದಾರೆ ಅಂದುಕೊಂಡೆ, ಪುಟ್ಟಿ. "ನಾವು ಕೋಳಿ ತಿನ್ನೋದಿಲ್ಲ, ನಿನಗೆ ಗೊತ್ತಲ್ಲ" ಅಂತ ಹೇಳಿ 200 ಶಿಲ್ಲಿಂಗಿನ ನೋಟು ಕೈಗಿಟ್ಟೆ. ಅವರು ನೋಟು ನೋಡಿದರು. ನನ್ನ ಮುಖ ನೋಡಿದರು. ನೋಟನ್ನು ಗೇಟಿನ ಕಂಬದ ಮೇಲಿಟ್ಟು, ಹಾರದ ಹಾಗೆ ಒಂದು ಕಲ್ಲು ಹೇರಿದರು. "ಮುಲೆಂಬೆ" ಅಂದರು. ಶಾಂತಿ ಇರಲಿ ಅಂತ. ಬಂದಾಗ, ಹೋಗುವಾಗ ಅವರು ಹೇಳುತ್ತಿದ್ದದ್ದೂ ಅದೇ ಮಾತು. ಪಕ್ಕಕ್ಕೆ ಸರಿದು ನಿಂತರು. ಕೋಳಿ ಮಾತ್ರ ಕೂಗುತ್ತಿತ್ತು. ನಿನ್ನನ್ನು ಎಬ್ಬಿಸಲಾ ಅಂತ ಅಮ್ಮ ಕೇಳಿದಳು. ಹೊತ್ತಾಯ್ತು ಅಂದೆ.

ವಿಮಾನ ನಿಲ್ದಾಣದಲ್ಲಿ ಆರು ಗಂಟೆ ಬೆಂಚಿನ ಮೇಲೆ ಕೂತೆವು.

ನಾವು ತಿನ್ನುವುದಿಲ್ಲ ಅಂತ ಎಂಟು ವರ್ಷ ನಮ್ಮ ಅಡುಗೆಮನೆಯಲ್ಲಿ ಇದ್ದವರಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಆದರೂ ತಂದರು. ಆ ಕಡೆ ಮನೆಗೆ ಬಂದವರಿಗೆ ಕೋಳಿ ಮಾಡಲಿಲ್ಲ ಅಂದರೆ ಊಟ ಹಾಕಿದ ಹಾಗೇ ಅಲ್ಲ. ಅದಕ್ಕಿಂತ ದೊಡ್ಡ ಮರ್ಯಾದೆ ಅವರ ಕೈಯಲ್ಲಿ ಇರಲಿಲ್ಲ. ತಗೊಂಡು ಡ್ರೈವರ್‌ಗೆ ಕೊಡಬಹುದಿತ್ತು. ದಾರಿಯಲ್ಲಿ ಎಲ್ಡೊರೆಟ್‌ನಲ್ಲಿ ಯಾರಿಗಾದರೂ ಕೊಡಬಹುದಿತ್ತು. ಕೈ ಚಾಚಬೇಕಿತ್ತು, ಅಷ್ಟೇ. ಇದನ್ನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಡ್ರೈವರ್, ಎಲ್ಡೊರೆಟ್, ಮತ್ತೆ ಡ್ರೈವರ್.

ಗಾದೆ ತಿರುಗಿಸಿ ಅರ್ಥ ಆಗಿದ್ದು ನಿವೃತ್ತಿ ಆದಮೇಲೆ, ಬಾಳೆಹಣ್ಣಿನ ಅಂಗಡಿ ಮುಂದೆ. ಬಾಣಂತಿ ನೋಡಲು ಹೊರಟಿದ್ದೆವು. "ಬರಿಗೈಲಿ ಬರ್ತೀರಾ?" ಅಂತ ಅಮ್ಮ ಗದರಿದಳು. ಆಗ ಹೊಳೆಯಿತು. ಮಾಯಿ ನನ್ನ ಕೈ ಬಗ್ಗೆ ಹೇಳಿರಲಿಲ್ಲ. ಅವರ ಕೈ ಬಗ್ಗೆ ಹೇಳಿದ್ದು. ನಾನು ಬರಿಗೈಲಿ ಬಂದಿಲ್ಲ, ನೋಡು, ಅಂತ. ಅಂಗಡಿಯವನು ಚಿಲ್ಲರೆ ಕೊಡುತ್ತಿದ್ದ, ನಾನು ತಗೊಳ್ಳದೆ ನಿಂತಿದ್ದೆ.

ನಿನಗೆ ಇದನ್ನು ಹೇಳಿದರೆ ನನ್ನ ಮರ್ಯಾದೆ ಹೋಗುತ್ತೆ ಅಂತ ಸುಮ್ಮನಿದ್ದೆ. ತಪ್ಪಾಯಿತು.

ಸರಿ, ಈಗ ಕೇಳು. ವೆಬುಯೆಗೆ ಒಂದೇ ದಿನದಲ್ಲಿ ಹೋಗಿ ಬರುತ್ತೇನೆ ಅನ್ನಬೇಡ. ನಕುರು ದಾಟಿದ ಮೇಲೆ ಕತ್ತಲಲ್ಲಿ ಗಾಡಿ ಓಡಿಸಬೇಡ. ಸೊಳ್ಳೆಪರದೆ ಕಟ್ಟಿಕೊಂಡೇ ಮಲಗು, ಅಲ್ಲಿ ಮಲೇರಿಯಾ ಇನ್ನೂ ಇದೆ. ಗೊತ್ತು ಅಂತೀಯ. ನಲವತ್ತರವಳಿಗೆ ಇದನ್ನೆಲ್ಲ ಹೇಳಬೇಕಾ ಅಂತ ನನಗೂ ಅನ್ನಿಸುತ್ತೆ, ಆದರೂ ಹೇಳುತ್ತೇನೆ. ಅಲ್ಲಿ ಉಳಿದುಕೊಂಡರೆ ಮೂರನೇ ದಿನ ಎದ್ದು ಕೆಲಸಕ್ಕೆ ಕೈ ಹಚ್ಚು. ಅತಿಥಿಗೆ ಎರಡು ದಿನ, ಮೂರನೇ ದಿನ ಕೈಗೆ ಗುದ್ದಲಿ ಅಂತ ಅವರೇ ನಗುತ್ತಾ ಹೇಳುತ್ತಿದ್ದದ್ದು. ಹೋಗುವಾಗ ಸಕ್ಕರೆ, ಚಹಾ ಪುಡಿ ತಗೊಂಡು ಹೋಗು. ಅಮ್ಮ ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ಉಡುತ್ತಾರೋ ಇಲ್ಲವೋ, ಹೊದೆಯಲಿಕ್ಕಾದರೂ ಆಗುತ್ತದೆ.

ನಮ್ಮ ಕಾರ್ಖಾನೆ 2009ರಲ್ಲಿ ನಿಂತುಹೋಗಿತ್ತು, ಆಮೇಲೆ ಬೇರೆ ಕಂಪನಿಯ ಕೈಗೆ ಹೋಯಿತು. ಅದರ ಹಳೆಯ ವಾಸನೆ ಹಿಡಿದು ದಾರಿ ಹುಡುಕಲು ಹೋಗಬೇಡ. ಚೆಟಾಂಬೆ ಗುಡ್ಡವನ್ನು ಕೇಳು. 1895ರಲ್ಲಿ ಬ್ರಿಟಿಷರು ಬಂದೂಕು ತಂದಾಗ ನಮ್ಮವರು ಅಲ್ಲೇ ಕೋಟೆ ಕಟ್ಟಿ ಕಾದಾಡಿದ್ದು ಅಂತ ಮಾಯಿ ಬಟ್ಟೆ ಒಣಹಾಕುತ್ತಾ ಬೆರಳು ತೋರಿಸುತ್ತಿದ್ದರಲ್ಲ, ಅದೇ ಗುಡ್ಡ. ಅವರ ಮನೆ ಅದರ ಕೆಳಗಿತ್ತು. ಇದ್ದರೆ ಅವರಿಗೆ ಎಂಬತ್ತು ದಾಟಿರುತ್ತದೆ. ಇಲ್ಲದಿದ್ದರೆ ವೆಕೆಸಾ ಇರಬಹುದು. ಆ ಹೆಸರಿನವರು ಅಲ್ಲಿ ಸಾವಿರ ಜನ ಸಿಗುತ್ತಾರೆ, ಬೇಜಾರು ಮಾಡಿಕೊಳ್ಳದೆ ಕೇಳು. ನಿನ್ನ ಹೆಸರು ನಫುಲಾ ಅಂತಲೇ ಹೇಳು.

ಕೋಳಿ ಕೊಟ್ಟರೆ ಎರಡೂ ಕೈ ಚಾಚಿ ತಗೋ. ತಿನ್ನುವುದು ಬಿಡುವುದು ನಿನಗೆ ಸೇರಿದ್ದು, ಅಮ್ಮನಿಗೆ ನಾನು ಹೇಳುವುದಿಲ್ಲ.

ಮಾಯಿಯ ಹೆಸರು ಗೊತ್ತಾದ ತಕ್ಷಣ ಮೆಸೇಜ್ ಮಾಡು. ಅಲ್ಲಿ ರಾತ್ರಿ ಹತ್ತು ಅಂದರೆ ಇಲ್ಲಿ ಹನ್ನೆರಡೂವರೆ. ಪರವಾಗಿಲ್ಲ, ಎದ್ದಿರುತ್ತೇನೆ.

ನಿನ್ನ ಅಪ್ಪ