ನೂರನೇ ಸಂಚಿಕೆ: ಅಡಿಕೆ ಸುಲಿಯುತ್ತ ಕೇಳಿದವರಿಗೆ ನಮಸ್ಕಾರ

ಅಡಿಕೆ ಬೆಳೆಗಾರರಿಗಾಗಿ ನಡೆಸುತ್ತಿರುವ ನಮ್ಮ ಪಾಡ್‌ಕಾಸ್ಟ್ ಈ ವಾರ 100ನೇ ಸಂಚಿಕೆ ಮುಟ್ಟಿದೆ. ಜಾಹೀರಾತಿಗೆ ದುಡ್ಡು ಹಾಕದೆ ಇಷ್ಟು ದೂರ ಬಂದದ್ದು ಕೇಳುಗರು ಮಾಡಿದ ಕೆಲವು ಚಿಕ್ಕ ಕೆಲಸಗಳಿಂದ. ಯಾರ ಕೆಲಸದಿಂದ ಏನಾಯಿತು ಎಂದು ಬಿಡಿಸಿ ಹೇಳದೆ ಬರೀ 'ಎಲ್ಲರಿಗೂ ಧನ್ಯವಾದ' ಅಂದರೆ ಋಣ ತೀರುವುದಿಲ್ಲ. ಕನ್ನಡದಲ್ಲಿ ಹೊಸದಾಗಿ ಪಾಡ್‌ಕಾಸ್ಟ್ ಶುರು ಮಾಡುವವರಿಗೂ ಇದು ಉಪಯೋಗಕ್ಕೆ ಬರಲಿ.

'ಒಂದೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡ್ರೆ ಅತಿಥಿ ಮಾತೇ ಕೇಳಲ್ಲ' ಎಂದು ತಿಳಿಸಿದವರಿಗೆ ಮೊದಲ ನಮಸ್ಕಾರ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರು ಎರಡೂ ಕಿವಿ ಮುಚ್ಚಿಕೊಳ್ಳುವುದಿಲ್ಲ, ಪಕ್ಕದವರ ಮಾತೂ ಬೇಕು. ಸ್ಟೀರಿಯೊದಲ್ಲಿ ನಿರೂಪಕರ ದನಿ ಎಡಕ್ಕೆ, ಅತಿಥಿಯ ದನಿ ಬಲಕ್ಕೆ ಇಟ್ಟರೆ ಅಂಥವರಿಗೆ ಸಿಗುವುದು ಅರ್ಧ ಮಾತುಕತೆ. ಹಾಗಾಗಿ ಮಾತಿನ ಕಾರ್ಯಕ್ರಮಕ್ಕೆ ಎರಡೂ ಕಿವಿಗೆ ಒಂದೇ ದನಿ ಕೊಡುವ ಮೊನೊ ಸರಿ. ಅದರಿಂದ ಇನ್ನೊಂದು ಲಾಭವೂ ಇದೆ. 64 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಎಂಬ ಲೆಕ್ಕ) ಮೊನೊ ಎಂಪಿ3 ಆದರೆ 30 ನಿಮಿಷದ ಸಂಚಿಕೆ 14.4 ಎಂಬಿ. ಅದನ್ನೇ 128ಕ್ಕೆ ಏರಿಸಿದರೆ 28.8 ಎಂಬಿ. ಗುಡ್ಡದ ತುದಿಗೆ ಹೋದರಷ್ಟೇ ಸಿಗ್ನಲ್ ಸಿಗುವ ಊರುಗಳಲ್ಲಿ ಡೌನ್‌ಲೋಡ್ ಮುಗಿಯುತ್ತದೋ ನಡುವೆ ನಿಲ್ಲುತ್ತದೋ ಎಂಬುದನ್ನು ಈ ಹದಿನಾಲ್ಕು ಎಂಬಿ ತೀರ್ಮಾನಿಸುತ್ತದೆ. ಸಂಗೀತ ಹೆಚ್ಚಿದ್ದರೆ 96 ಇಟ್ಟುಕೊಳ್ಳಬಹುದು, ಬರೀ ಮಾತಿಗೆ 64 ಸಾಕು. ದನಿಯ ಮಟ್ಟಕ್ಕೆ ಆ್ಯಪಲ್ ಸೂಚಿಸುವುದು −16 ಎಲ್‌ಯುಎಫ್‌ಎಸ್, ಅಂದರೆ ಸಂಚಿಕೆಯ ಸರಾಸರಿ ಜೋರಿನ ಅಳತೆ, ಅದೂ ದನಿಯ ಶಿಖರ −1 ಡೆಸಿಬಲ್ ದಾಟದಂತೆ. ಆದರೆ ಫೋನಿನಲ್ಲಿ ಮಾತಾಡಿದ ಅತಿಥಿಯ ದನಿಯನ್ನು ಮೊದಲು ಪ್ರತ್ಯೇಕವಾಗಿ ಎತ್ತಿ ಸಮ ಮಾಡಿಕೊಳ್ಳದೆ ಒಟ್ಟು ಫೈಲಿಗೆ ಮಾತ್ರ ಈ ಅಳತೆ ಹಾಕಿದರೆ ಕೇಳುಗರು ಇಡೀ ಸಂಚಿಕೆ ವಾಲ್ಯೂಮ್ ಏರಿಸಿ ಇಳಿಸಿ ಮಾಡಬೇಕಾಗುತ್ತದೆ. ಅವರ ಕೈಯಲ್ಲೋ ಅಡಿಕೆಯ ಚೊಗರು, ಅಂಟಿದ ಕರೆ.

ಆ ಚೊಗರಿನ ಕೈ ಕಲಿಸಿದ ಪಾಠ ದೊಡ್ಡದು. 'ಈಗಲೇ ಫಾಲೋ ಒತ್ತಿ, ಸ್ಟಾರ್ ಕೊಡಿ, ಕಾಮೆಂಟ್ ಹಾಕಿ, ಹಂಚಿ' ಎಂದು ಒಂದೇ ಉಸಿರಿನಲ್ಲಿ ಕೇಳಿದರೆ ಒಂದೂ ಆಗುವುದಿಲ್ಲ. ಒಂದು ಸಂಚಿಕೆಗೆ ಒಂದೇ ಕೋರಿಕೆ ಸಾಕು, ಅದೂ ಕೆಲಸ ಮುಗಿದ ಮೇಲೆ ನೆನಪಾಗಿ ಮಾಡುವಂಥದ್ದು. ಅದನ್ನು ಕೊನೆಯಲ್ಲಿ ಇಡಬಾರದು. ಸ್ಪಾಟಿಫೈ, ಆ್ಯಪಲ್ ಎರಡೂ ನಿರ್ಮಾಪಕರಿಗೆ ತೋರಿಸುವ, ಯಾವ ನಿಮಿಷದಲ್ಲಿ ಎಷ್ಟು ಜನ ಕೇಳುತ್ತಿದ್ದರು ಎಂಬ ಗೆರೆಯನ್ನು ನೋಡಿ: 'ಇನ್ನು ಮುಗಿಸೋಣ' ಎಂಬ ಮಾತಿನ ಹತ್ತಿರ ಅದು ಧಡಕ್ಕನೆ ಇಳಿಯುತ್ತದೆ. ಉಪಯೋಗದ ಮೊದಲ ವಿಷಯ ಹೇಳಿ ಮುಗಿಸಿದ ಕೂಡಲೇ ಕೇಳಿದರೆ ಹೆಚ್ಚು ಜನ ಕೇಳಿಸಿಕೊಳ್ಳುತ್ತಾರೆ. ಅದೇ ಗೆರೆ ಶುರುವಿನಲ್ಲೂ ಬೀಳುತ್ತದೆ, ಅಲ್ಲಿ ತಪ್ಪು ಹೆಚ್ಚಾಗಿ ಉದ್ದನೆಯ ಸಂಗೀತದ್ದು. 'ಸಬ್‌ಸ್ಕ್ರೈಬ್' ಅಂದರೆ ದುಡ್ಡು ಕಟ್ಟಬೇಕೇನೋ ಎಂಬ ಅಳುಕು ಹಲವರಲ್ಲಿದೆ. ಆ್ಯಪಲ್ 2021ರಲ್ಲಿ ಆ ಪದ ಬಿಟ್ಟು 'ಫಾಲೋ' ಮಾಡಿಕೊಂಡಿತು. ನಾವೂ 'ಇದಕ್ಕೆ ದುಡ್ಡಿಲ್ಲ' ಎಂದು ಸೇರಿಸಿಯೇ ಹೇಳುತ್ತೇವೆ.

ಅಮ್ಮನ ಫೋನಿಗೆ, ದೊಡ್ಡಪ್ಪನ ಫೋನಿಗೆ ಆ್ಯಪ್ ಹಾಕಿಕೊಟ್ಟ ಮಕ್ಕಳೇ, ನಿಮ್ಮ ಉಪಕಾರ ಸಣ್ಣದಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ಹತ್ತು ನಿಮಿಷ ಕೂತು ಫಾಲೋ ಒತ್ತಿ, ವೈಫೈ ಇದ್ದಾಗ ತಾನಾಗಿ ಇಳಿಯುವಂತೆ ಮಾಡಿ, ಐಕಾನನ್ನು ಮುಖಪುಟಕ್ಕೆ ತಂದಿಟ್ಟು ಹೋದಿರಿ. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿದಾಗ ಎರಡನೇ ಸಲ ಈ ಕೆಲಸ ಮಾಡಿದವರೂ ನೀವೇ. ಹಳೆ ಆ್ಯಪ್‌ನಿಂದ ಒಪಿಎಂಎಲ್ ಎಂಬ ಪಟ್ಟಿಯ ಫೈಲ್ ತೆಗೆದು ಹೊಸ ಆ್ಯಪ್‌ಗೆ ಹಾಕಿದರೆ ಫಾಲೋ ಮಾಡಿದ್ದೆಲ್ಲ ಒಟ್ಟಿಗೆ ಬರುತ್ತದೆ. ಅದನ್ನು ಹಿರಿಯರು ತಾವಾಗಿ ಮಾಡಿಕೊಳ್ಳುವುದು ಕಷ್ಟವಿತ್ತು. ಐಫೋನ್ ಇರುವವರಿಗೆ ಒಂದು ಕಿವಿಮಾತು: 2023ರ ಐಒಎಸ್ 17ರಿಂದ ಈಚೆಗೆ, ಕೆಲವು ಸಂಚಿಕೆ ಕೇಳದೆ ಬಿಟ್ಟರೆ ತಾನಾಗಿ ಇಳಿಯುವುದು ನಿಲ್ಲುತ್ತದೆ. ಸುಗ್ಗಿ ಮುಗಿದು ನಾಲ್ಕು ತಿಂಗಳು ಕೇಳದಿದ್ದವರು ಒಮ್ಮೆ ಆ್ಯಪ್ ತೆರೆದು ನೋಡಿ.

ಹುಡುಕಿದರೆ ಸಿಗುವುದಿಲ್ಲ ಎಂದು ದೂರಿದವರಿಂದ ಗೊತ್ತಾದದ್ದು ಕನ್ನಡದಲ್ಲಿ ಎದುರಾಗುವ ಒಂದು ತೊಡಕು. ಒಬ್ಬರು 'ಅಡಿಕೆ' ಬರೆದರೆ ಇನ್ನೊಬ್ಬರು 'ಅಡಕೆ' ಬರೆಯುತ್ತಾರೆ. ಒಂದು ಊರಿನ 'ಕೊಳೆ ರೋಗ' ಇನ್ನೊಂದು ಊರಿನ 'ಮಹಾಳಿ'. ಅರ್ಧದಷ್ಟು ಜನ ಹುಡುಕುವುದು ರೋಮನ್ ಅಕ್ಷರದಲ್ಲಿ ಎಂದುಕೊಂಡೇ ಹೊರಡುವುದು ಒಳ್ಳೆಯದು. 'ಪಾಡ್‌ಕಾಸ್ಟ್', 'ಪಾಡ್ಕಾಸ್ಟ್', 'ಪಾಡ್ ಕಾಸ್ಟ್' ನಮ್ಮ ಕಣ್ಣಿಗೆ ಒಂದೇ ಪದ, ಯಂತ್ರಕ್ಕೆ ಮೂರು ಬೇರೆ ಬೇರೆ ಪದ. ಶೀರ್ಷಿಕೆಯಲ್ಲಿ ಒಂದು ರೂಪ ಇಟ್ಟು, ಉಳಿದವನ್ನು ವಿವರಣೆಯ ಮೊದಲೆರಡು ಸಾಲಿನಲ್ಲಿ ವಾಕ್ಯದೊಳಗೆ ಸಹಜವಾಗಿ ತನ್ನಿ. ಸಂಚಿಕೆಯ ಸಂಖ್ಯೆಯನ್ನು ಶೀರ್ಷಿಕೆಯ ಮುಂದೆ ಇಡಬೇಡಿ, ಫೋನಿನ ಪರದೆಯಲ್ಲಿ ವಿಷಯ ಕಾಣುವ ಜಾಗವನ್ನು ಅದು ತಿನ್ನುತ್ತದೆ. ಆ್ಯಪ್‌ಗಳಿಗೆ ಸಂಚಿಕೆಗಳ ಮಾಹಿತಿ ಒದಗಿಸುವ ಫೀಡ್‌ನಲ್ಲಿ ಭಾಷೆಯ ಗುರುತನ್ನು ಕನ್ನಡದ 'ಕೆಎನ್' ಎಂದು ತುಂಬುವುದನ್ನು ಹಲವರು ಮರೆಯುತ್ತಾರೆ.

ಕೇಳುಗರನ್ನು ಅತಿ ಹೆಚ್ಚು ಕರೆತಂದದ್ದು ವಾಟ್ಸಾಪ್. ಅದರಲ್ಲೂ ಲಿಂಕಿನ ಜೊತೆ '12ನೇ ನಿಮಿಷದಿಂದ ಕೇಳಿ, ನಿಮ್ಮ ತೋಟದ್ದೇ ವಿಷಯ' ಎಂದು ಒಂದು ಸಾಲು ಬರೆದವರು. ಬರೀ ಲಿಂಕ್ ಬಂದರೆ ಜನ ಮುಂದೆ ಸಾಗುತ್ತಾರೆ, ನಿಮಿಷ ಹೇಳಿದರೆ ಒತ್ತಿ ನೋಡುತ್ತಾರೆ. ಇದನ್ನು ಕಂಡೇ ಪ್ರತಿ ಸಂಚಿಕೆಯ ವಿವರಣೆಯಲ್ಲಿ ನಿಮಿಷಗಳ ಪಟ್ಟಿ ಹಾಕತೊಡಗಿದ್ದು. ಯೂಟ್ಯೂಬಿನಲ್ಲಿ ಈ ಪಟ್ಟಿ ಅಧ್ಯಾಯಗಳಾಗಿ ಕಾಣಬೇಕಾದರೆ ಮೊದಲ ಸಾಲು 0:00 ಇರಲೇಬೇಕು, ಕಡಿಮೆಯೆಂದರೆ ಮೂರು ಸಾಲು ಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಚಿಕ್ಕದಿರಬಾರದು. ಲಿಂಕ್ ಬಿಟ್ಟು ಆಡಿಯೊ ಫೈಲನ್ನೇ ಕಳಿಸುವವರೂ ಇದ್ದಾರೆ. ಅದು ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ, ಪರವಾಗಿಲ್ಲ, ಕೇಳಬೇಕಾದವರಿಗೆ ತಲುಪಿತಲ್ಲ. ಹಾಗೆ ಒಂಟಿಯಾಗಿ ತಿರುಗುವ ಫೈಲಿಗೆ ಹೆಸರು, ಚಿತ್ರ ಯಾವುದೂ ಜೊತೆಯಿರುವುದಿಲ್ಲ. ಅದಕ್ಕೇ ಪಾಡ್‌ಕಾಸ್ಟಿನ ಹೆಸರು, ಸಂಚಿಕೆಯ ಸಂಖ್ಯೆ, ತಿಂಗಳು ಮತ್ತು ವರ್ಷವನ್ನು ಮೊದಲ ನಿಮಿಷದೊಳಗೆ ಬಾಯಲ್ಲೇ ಹೇಳುವುದು. ಎರಡು ವರ್ಷದ ಹಿಂದಿನ ಧಾರಣೆಯನ್ನು ಯಾರೋ ಇವತ್ತಿನದು ಅಂದುಕೊಳ್ಳಬಾರದು.

ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿದವರು ನಮ್ಮ ನಂಬರನ್ನು ಉಳಿಸಿಕೊಂಡದ್ದಕ್ಕೆ ವಿಶೇಷ ಧನ್ಯವಾದ. ಒಂದು ಪಟ್ಟಿಗೆ 256 ಜನರಷ್ಟೇ ಹಿಡಿಯುತ್ತಾರೆ, ಅದರಲ್ಲೂ ಕಳಿಸುವವರ ನಂಬರ್ ಉಳಿಸಿಕೊಂಡಿಲ್ಲದವರಿಗೆ ಸಂದೇಶ ಹೋಗುವುದೇ ಇಲ್ಲ. ಗುಂಪಿನಲ್ಲಿ 1024 ಜನ ಹಿಡಿಸುತ್ತಾರೆ, ಆದರೆ ಶುಭೋದಯದ ಚಿತ್ರಗಳ ನಡುವೆ ಸಂಚಿಕೆ ಮುಳುಗುತ್ತದೆ.

ಇನ್ನು ಉತ್ತರ ಬರೆದವರು. ಭದ್ರಾವತಿ ಆಕಾಶವಾಣಿಗೆ ಅಂಚೆ ಕಾರ್ಡು ಹಾಕಿ ಹೆಸರು ಕೇಳಿಸಿಕೊಂಡ ಮಲೆನಾಡಿಗೆ ಇದು ಹೊಸದೇನಲ್ಲ. ಆದರೂ ಪ್ರಶ್ನೆ ಸರಿಯಿದ್ದರೆ ಮಾತ್ರ ಉತ್ತರ ಬರುತ್ತದೆ. 'ನಿಮ್ಮ ಅನಿಸಿಕೆ ತಿಳಿಸಿ' ಎಂಬುದಕ್ಕೆ ಏನು ಬರೆಯುವುದೆಂದು ಯಾರಿಗೂ ತೋಚುವುದಿಲ್ಲ. 'ಕೊಳೆ ರೋಗಕ್ಕೆ ನಿಮ್ಮೂರಲ್ಲಿ ಮೊದಲ ಬೋರ್ಡೋ ದ್ರಾವಣದ ಸಿಂಪಡಣೆ ಯಾವ ತಾರೀಖಿಗೆ ಆಯಿತು?' ಅಂದರೆ ಊರು, ತಾರೀಖು ಎರಡೇ ಪದದಲ್ಲಿ ಮುಗಿಯುತ್ತದೆ. ಬಂದ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲೇ ಊರಿನ ಹೆಸರು ಹೇಳಿ ಓದಬೇಕು. ಎರಡು ಸಂಚಿಕೆ ತಡವಾದರೂ ಬರೆದವರು ಕಾಯುವುದನ್ನು ಬಿಡುತ್ತಾರೆ.

ಎಲ್ಲಕ್ಕಿಂತ ಹೆಚ್ಚಿನ ಋಣ ತಪ್ಪು ತಿದ್ದಿದವರದು. ಉದಾಹರಣೆಗೆ, ಶೇಕಡಾ 1ರ ಬೋರ್ಡೋಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಇಂಥಲ್ಲಿ ಒಂದು ಮಾತು ಹಿಂದುಮುಂದಾದರೆ ನಷ್ಟವಾಗುವುದು ಕೇಳಿದವರ ತೋಟಕ್ಕೆ. ತಿದ್ದಿದ ಫೈಲನ್ನು ಅದೇ ಸಂಚಿಕೆಗೆ ಮತ್ತೆ ಏರಿಸಿದರೆ ಹೊಸದಾಗಿ ಕೇಳುವವರಿಗೆ ಸರಿಯಾದದ್ದು ಸಿಗುತ್ತದೆ, ಆಗಲೇ ಇಳಿಸಿಕೊಂಡವರ ಫೋನಿನಲ್ಲಿ ಹಳೆಯದೇ ಉಳಿಯುತ್ತದೆ. ಹಾಗಾಗಿ ತಿದ್ದುಪಡಿಯನ್ನು ಮುಂದಿನ ಸಂಚಿಕೆಯ ಶುರುವಿನಲ್ಲೇ ಹೇಳಬೇಕು, ವಿವರಣೆಯಲ್ಲೂ ಬರೆಯಬೇಕು, ಗುಂಪಿಗೂ ಹಾಕಬೇಕು. ಹಳೆಯದನ್ನು ಅಳಿಸಿ ಹೊಸ ಸಂಚಿಕೆಯಾಗಿ ಹಾಕಬಾರದು. ಆ್ಯಪ್ ಆ ಸಂಚಿಕೆಯನ್ನು ಗುರುತಿಸುವ ಸಂಖ್ಯೆ ಬದಲಾಗುತ್ತದೆ, ಎಲ್ಲರ ಫೋನಿಗೂ ಮತ್ತೊಮ್ಮೆ ಇಳಿಯುತ್ತದೆ, ಹಂಚಿದ್ದ ಲಿಂಕುಗಳು ಸಾಯುತ್ತವೆ.

'ಎಷ್ಟು ಡೌನ್‌ಲೋಡ್?' ಎಂದು ಕೇಳುವವರಿಗೆ: ಜಾಹೀರಾತು ಉದ್ಯಮದ ಸಂಸ್ಥೆಯಾದ ಐಎಬಿಯ ಮಾನದಂಡದಲ್ಲಿ ಒಂದು ನಿಮಿಷದಷ್ಟು ಆಡಿಯೊ ಇಳಿದರೆ ಒಂದು ಡೌನ್‌ಲೋಡ್, ಒಬ್ಬರೇ 24 ಗಂಟೆಯಲ್ಲಿ ಮತ್ತೆ ಇಳಿಸಿದರೂ ಒಂದೇ. ಇಳಿದದ್ದೆಲ್ಲ ಕೇಳಿದ್ದಲ್ಲ. ನಾವು ನೋಡುವುದು ಪ್ರತಿ ಸಂಚಿಕೆಯ ಮೊದಲ 7 ದಿನದ ಲೆಕ್ಕ ಮತ್ತು ಬಂದ ಉತ್ತರಗಳಲ್ಲಿ ಎಷ್ಟು ಹೊಸ ಊರುಗಳಿವೆ ಎಂಬುದು.

101ನೇ ಸಂಚಿಕೆಯ ಪ್ರಶ್ನೆ: ಈ ಮಳೆಗಾಲದಲ್ಲಿ ನಿಮ್ಮ ತೋಟದಲ್ಲಿ ಎಲೆಚುಕ್ಕಿ ರೋಗ ಮೊದಲು ಕಂಡದ್ದು ಯಾವ ವಾರ, ಎಷ್ಟು ವರ್ಷದ ಮರದಲ್ಲಿ? ಧ್ವನಿಯಲ್ಲೇ ಕಳಿಸಿ, 45 ಸೆಕೆಂಡ್ ಸಾಕು. ಊರಿನ ಹೆಸರು ಮೊದಲು ಹೇಳಿ. ಫ್ಯಾನ್ ಆರಿಸಿ, ಫೋನನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಆಗುವುದಾದರೆ ಫೋನಿನ ರೆಕಾರ್ಡರಿನಲ್ಲಿ ಮಾಡಿ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ದನಿ ತೆಳುವಾಗುವುದಿಲ್ಲ. ಆಗದಿದ್ದರೆ ಮಾಮೂಲಿ ವಾಯ್ಸ್ ಮೆಸೇಜೇ ಬರಲಿ, ನಾವು ಸರಿಮಾಡಿಕೊಳ್ಳುತ್ತೇವೆ.